ಕ್ರೀಟ್ ಯುದ್ಧಭೂಮಿ ನೋಡುವುದು ಹೇಗೆ: ಮೊದಲು ಮೊಬೈಲ್ ಆಫ್ ಮಾಡಿ

ಗ್ರೀಸ್‌ನ ಕ್ರೀಟ್ ದ್ವೀಪದ ಮಾಲೆಮೆ ಊರಿನ ಹಿಂದಿರುವ 107ರ ಗುಡ್ಡದಲ್ಲಿ ನಾನೂ ನಮ್ಮನೆಯವಳೂ ನಲವತ್ತು ನಿಮಿಷ ಒಬ್ಬರಿಗೊಬ್ಬರು ಸಿಗಲಿಲ್ಲ. ಗುಡ್ಡ ದೊಡ್ಡದೇನಲ್ಲ. 107 ಅಂದರೆ ನಕ್ಷೆಯಲ್ಲಿ ಬರೆದಿರುವ ಅದರ ಎತ್ತರ, ಮೀಟರ್‌ನಲ್ಲಿ. ಸುತ್ತ ಆಲಿವ್ ಮರ, ದ್ರಾಕ್ಷಿ ತೋಟ, ಮೆಟ್ಟಿಲು ಮೆಟ್ಟಿಲಾದ ಹೊಲ. ನಾವು ಬೇಕಂತಲೇ ಇಬ್ಬರೂ ಮೊಬೈಲ್ ಆಫ್ ಮಾಡಿದ್ದೆವು. ಕೊನೆಗೆ ಸಿಕ್ಕಾಗ ಗೊತ್ತಾಯಿತು, ಅಷ್ಟು ಹೊತ್ತೂ ನಮ್ಮ ನಡುವೆ ಇದ್ದದ್ದು ಹೆಚ್ಚೆಂದರೆ ಇನ್ನೂರು ಹೆಜ್ಜೆ. "ರೀ, ನೀವು ವಾಪಸ್ ಹೋಗಿಬಿಟ್ರಿ ಅಂದ್ಕೊಂಡೆ" ಅಂದಳು. ನಾನೂ ಅವಳ ಬಗ್ಗೆ ಅದನ್ನೇ ಅಂದುಕೊಂಡಿದ್ದೆ.

ಎರಡನೇ ಮಹಾಯುದ್ಧದಲ್ಲಿ, 1941ರ ಮೇ 20ರ ರಾತ್ರಿ ಇದೇ ಗುಡ್ಡದ ಮೇಲೆ ನ್ಯೂಜಿಲೆಂಡಿನ ಒಬ್ಬ ಕರ್ನಲ್ ತನ್ನ ಎರಡು ಕಂಪನಿಗಳ, ಅಂದರೆ ಸೈನಿಕರ ತುಕಡಿಗಳ, ಬಗ್ಗೆ ಇದನ್ನೇ ಅಂದುಕೊಂಡರು. ಅದರಿಂದ ಒಂದು ದ್ವೀಪ ಕೈಬಿಟ್ಟು ಹೋಯಿತು.

ನಾನು 31 ವರ್ಷ ವೈರ್‌ಲೆಸ್ ಸೆಟ್ ರಿಪೇರಿ ಮಾಡಿದವನು. ಸೈನ್ಯದಲ್ಲಿ ಇದ್ದವನಲ್ಲ, ಚರಿತ್ರೆ ಓದಿದವನೂ ಅಲ್ಲ. ಹಾಗಾಗಿ ನಾನು ಹೇಳುವ ದಾರಿ ಸ್ವಲ್ಪ ಬೇರೆ. ಗೈಡ್ ಪುಸ್ತಕಗಳು ಸ್ಮಾರಕಗಳ ಪಟ್ಟಿ ಕೊಡುತ್ತವೆ. ಮೊದಲ ಸಲ ಹೋದಾಗ ನಾನೂ ಅದನ್ನೇ ಮಾಡಿದೆ. ಬಾಡಿಗೆ ಕಾರು ತೆಗೆದುಕೊಂಡು ಒಂದೇ ದಿನ ಹನ್ನೊಂದು ಸ್ಮಾರಕ ನೋಡಿದೆ. ಮನೆಗೆ ಬಂದು ಫೋಟೋ ತೆಗೆದು ನೋಡಿದರೆ ಯಾವ ಕಲ್ಲು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಎರಡನೇ ಸಲ ಕಲ್ಲು ಬಿಟ್ಟೆ. ಒಂದೊಂದು ಜಾಗದಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿಕೊಂಡೆ: ಇಲ್ಲಿದ್ದವನಿಗೆ ಏನು ಕಾಣಿಸುತ್ತಿತ್ತು, ಏನು ಕೇಳಿಸುತ್ತಿತ್ತು? ಮುಖ್ಯವಾಗಿ, ಏನು ಕೇಳಿಸುತ್ತಿರಲಿಲ್ಲ? ನೀವೂ ಹಾಗೇ ಮಾಡಿ. ನಾಲ್ಕು ದಿನ ಇಟ್ಟುಕೊಳ್ಳಿ. ಮೂರೇ ದಿನ ಇದ್ದರೆ ಯಾವುದನ್ನು ಬಿಡಬೇಕು ಅಂತ ಮುಂದೆ ಹೇಳುತ್ತೇನೆ.

ಹೊರಡುವ ಮುಂಚೆ

ಕಥೆ ಇಷ್ಟು ಗೊತ್ತಿದ್ದರೆ ಸಾಕು. 1941ರ ಏಪ್ರಿಲ್‌ನಲ್ಲಿ ಜರ್ಮನರು ಗ್ರೀಸ್ ಗೆದ್ದರು. ಅಲ್ಲಿಂದ ಓಡಿಬಂದ ಬ್ರಿಟಿಷ್, ಆಸ್ಟ್ರೇಲಿಯನ್, ನ್ಯೂಜಿಲೆಂಡ್ ಸೈನಿಕರಲ್ಲಿ ಸಾವಿರಾರು ಜನ ಕ್ರೀಟ್‌ನಲ್ಲಿ ಇಳಿದರು. ತುಂಬಾ ಜನರ ಕೈಯಲ್ಲಿ ರೈಫಲ್ ಬಿಟ್ಟು ಬೇರೇನೂ ಇರಲಿಲ್ಲ. ಫಿರಂಗಿ, ಲಾರಿ, ವೈರ್‌ಲೆಸ್ ಸೆಟ್ ಎಲ್ಲವನ್ನೂ ಗ್ರೀಸ್‌ನಲ್ಲೇ ಬಿಟ್ಟು ಬಂದಿದ್ದರು. ಏಪ್ರಿಲ್ 30ರಂದು ನ್ಯೂಜಿಲೆಂಡಿನ ಜನರಲ್ ಬರ್ನಾರ್ಡ್ ಫ್ರೈಬರ್ಗ್ ಇವರ ಹೊಣೆ ಹೊತ್ತರು. ಸುಮಾರು 10,000 ಗ್ರೀಕರನ್ನೂ ಸೇರಿಸಿದರೆ 40,000ಕ್ಕಿಂತ ಜಾಸ್ತಿ ಜನ. ಕ್ರೀಟ್‌ನ ಸ್ವಂತ ಡಿವಿಷನ್ ಮಾತ್ರ ಊರಲ್ಲಿರಲಿಲ್ಲ. ಅದು ಅಲ್ಬೇನಿಯಾದ ಕಡೆ ಯುದ್ಧಕ್ಕೆ ಹೋಗಿ ಅತ್ತಲೇ ಸಿಕ್ಕಿಕೊಂಡಿತ್ತು.

ಜರ್ಮನರ ಕಡೆ ಜನರಲ್ ಕುರ್ಟ್ ಸ್ಟುಡೆಂಟ್. ಕಾರ್ಯಾಚರಣೆಗೆ ಮರ್ಕ್ಯುರಿ ಅಂತ ಹೆಸರು. ಪೂರಾ ದ್ವೀಪವನ್ನು ಮುಖ್ಯವಾಗಿ ಆಕಾಶದಿಂದ ಇಳಿದು ಹಿಡಿಯುವ ಯೋಜನೆ. ಯುಂಕರ್ಸ್ 52 ಎಂಬ ಸಾಗಣೆ ವಿಮಾನ ಸುಮಾರು 500, ಎಂಜಿನ್ ಇಲ್ಲದೆ ತೇಲಿ ಇಳಿಯುವ ಗ್ಲೈಡರ್ ಎಪ್ಪತ್ತರ ಮೇಲೆ, ಒಟ್ಟು 22,000 ಸೈನಿಕರು. ಬೆಳಿಗ್ಗೆ ಮಾಲೆಮೆ ಮತ್ತು ಹಾನಿಯಾ, ಮಧ್ಯಾಹ್ನ ರೆಥಿಮ್ನೋ ಮತ್ತು ಇರಾಕ್ಲಿಯೋ. ದ್ವೀಪದಲ್ಲಿ ಐದು ಸಾವಿರ ಜನ ಮಾತ್ರ ಇದ್ದಾರೆ, ಊರಿನವರು ಸ್ವಾಗತ ಮಾಡುತ್ತಾರೆ ಅಂತ ಅವರ ಬೇಹುಗಾರರು ಹೇಳಿದ್ದರು. ಎರಡೂ ತಪ್ಪು. ಊರಿನವರು ಕುಡುಗೋಲು, ಚಾಕು, ಅಜ್ಜನ ಕಾಲದ ಬಂದೂಕು ಹಿಡಿದು ಬಂದರು.

ಕಾಲ: ಮೇ ತಿಂಗಳೇ ಒಳ್ಳೆಯದು. ಪ್ರತಿವರ್ಷ ಮೇ 20ರ ಆಸುಪಾಸು ಹಾನಿಯಾ ಸುತ್ತ ಸ್ಮರಣೆ ಕಾರ್ಯಕ್ರಮಗಳಿರುತ್ತವೆ. ಜನ ಜಾಸ್ತಿ, ಆದರೆ ಬೆಳಕು, ಬಿಸಿಲು, ಹುಲ್ಲಿನ ಎತ್ತರ ಎಲ್ಲವೂ ಅಂದಿನ ಹಾಗೇ. ಜುಲೈ, ಆಗಸ್ಟ್ ಬೇಡವೇ ಬೇಡ.

ಎತ್ತರದ ಗೆರೆಗಳಿರುವ ಕಾಗದದ ನಕ್ಷೆ ತನ್ನಿ. ಒಂದು ದಿಕ್ಸೂಚಿ, ಸಣ್ಣ ಬೈನಾಕ್ಯುಲರ್, ಟೋಪಿ, ಒಬ್ಬರಿಗೆ ಎರಡು ಲೀಟರ್ ನೀರು. ಊರ ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. ಹಾನಿಯಾ ಅನ್ನುವ ಒಂದೇ ಊರನ್ನು ಬೋರ್ಡಿಗೊಂದು ಥರ ಬರೆದಿರುತ್ತಾರೆ. 1941ರ ಬ್ರಿಟಿಷ್ ನಕ್ಷೆಗಳಲ್ಲಿ ಅದು ಕನಿಯಾ, ರೆಥಿಮ್ನೋ ಹೋಗಿ ರೆತಿಮೋ. ಕಾಗುಣಿತ ನೋಡಬೇಡಿ, ಬಾಯಲ್ಲಿ ಹೇಳಿ ನೋಡಿ, ಹೊಂದುತ್ತದೆ.

ಇರಾಕ್ಲಿಯೋ: ಇಳಿದ ಜಾಗವೇ ಯುದ್ಧಭೂಮಿ

ತುಂಬಾ ಜನ ಇರಾಕ್ಲಿಯೋ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಅಂದು ಪ್ಯಾರಾಚೂಟ್ ಸೈನಿಕರು ಹಿಡಿಯಬೇಕೆಂದಿದ್ದ ವಿಮಾನನೆಲೆ ಅದೇ. ಹಿಡಿಯಲಾಗಲಿಲ್ಲ. ಆದರೆ ಮಾಲೆಮೆ ಕೈತಪ್ಪಿದ್ದರಿಂದ ಮೇ 28ರ ರಾತ್ರಿ ಬ್ರಿಟಿಷ್ ನೌಕಾಪಡೆಯ ಹಡಗುಗಳು ಬಂದು ಇಲ್ಲಿದ್ದ ಸುಮಾರು 4,000 ಜನರನ್ನು ಹತ್ತಿಸಿಕೊಂಡವು. ಮಾರನೆಯ ದಿನ ಕಡಲಲ್ಲಿ ಬಾಂಬ್ ಬಿದ್ದು ಅವರಲ್ಲಿ ನೂರಾರು ಜನ ಸತ್ತರು. ಗೆದ್ದ ಜಾಗ ಬಿಟ್ಟು ಬಂದು ಹಡಗಿನಲ್ಲಿ ಸಾಯುವುದು! ಬ್ಯಾಗ್ ಬರುವ ತನಕ ಇದಿಷ್ಟು ನೆನೆಸಿಕೊಳ್ಳಿ. ಆಮೇಲೆ ಸೀದಾ ಹಾನಿಯಾಕ್ಕೆ ಹೊರಡಿ. ಮೂರೇ ದಿನ ಇರುವವರು ಬಿಡಬೇಕಾದದ್ದು ಈ ಊರನ್ನೇ. ಕ್ನೋಸೋಸ್ ಅರಮನೆ ನೋಡಲು ಬೇರೆ ಸಲ ಬನ್ನಿ.

ಮಾಲೆಮೆ: ಇಡೀ ಒಂದು ದಿನ

ಹಾನಿಯಾದಿಂದ ಕಿಸ್ಸಾಮೋಸ್ ಕಡೆ ಹೋಗುವ ಕೆಟೆಲ್ ಬಸ್ಸು ಹತ್ತಿ. ಹಳೆ ರಸ್ತೆಯಲ್ಲಿ ಹೋಗುವ ಬಸ್ಸೇ ಬೇಕು, ಕೇಳಿ ಹತ್ತಿ. ಹೊಸ ಹೆದ್ದಾರಿಯಲ್ಲಿ ಹೋದರೆ ಏನೂ ಕಾಣುವುದಿಲ್ಲ. ಎಡಗಡೆ ಗುಡ್ಡ, ಬಲಗಡೆ ಕಡಲು, ನಡುವೆ ಹೋಟೆಲುಗಳ ಸಾಲು. ದಾರಿಯಲ್ಲಿ ಪ್ಲಾತಾನಿಯಾಸ್ ಬರುತ್ತದೆ. ಆ ಹೆಸರು ನೆನಪಿಟ್ಟುಕೊಳ್ಳಿ. ಅಲ್ಲಿಂದ ಮಾಲೆಮೆಗೆ ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿಕೊಳ್ಳಿ. ಬಸ್ಸಿನಲ್ಲಿ ಹತ್ತು ಹನ್ನೆರಡು ನಿಮಿಷ. ಆವತ್ತು ಈ ಆರೇಳು ಕಿಲೋಮೀಟರ್ ದಾಟಿ ಒಂದು ಮಾತು ಸರಿಯಾಗಿ ತಲುಪಲಿಲ್ಲ.

ಮಾಲೆಮೆಯಲ್ಲಿ ಇಳಿದು ಜರ್ಮನ್ ಸ್ಮಶಾನದ ಬೋರ್ಡು ಹಿಡಿದು ಗುಡ್ಡ ಹತ್ತಿ. ಸ್ಮಶಾನವನ್ನು ವಾಪಸ್ ಬರುವಾಗ ನೋಡಿ, ಮೊದಲೇ ಬೇಡ. ಮೇಲಕ್ಕೆ ಹೋಗಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಎದುರಿಗೆ ಕಡಲು. ಕಡಲಂಚಿಗೆ ಸಣ್ಣ ರನ್‌ವೇ. ಎಡಕ್ಕೆ, ಅಂದರೆ ಪಶ್ಚಿಮಕ್ಕೆ, ತಾವ್ರೋನಿತಿಸ್ ಹೊಳೆಯ ಅಗಲವಾದ ಪಾತ್ರ. ಬೇಸಿಗೆಯಲ್ಲಿ ಬರೀ ಕಲ್ಲು. ಆ ರನ್‌ವೇ ಈಗಲೂ ಗ್ರೀಕ್ ವಾಯುಪಡೆಯದು. ಫೋಟೋ ತೆಗೆಯಬೇಡಿ. ಬೇಲಿ ಹತ್ತಿರ ಸುಮ್ನೆ ಸುಳಿದಾಡಿದರೂ ಕೇಳುತ್ತಾರೆ. ಇಷ್ಟು ಹಳೆಯ ಕಥೆಗೆ ಈಗ ತಕರಾರು ಮಾಡಿಕೊಳ್ಳುವುದು ಯಾಕೆ ಅಲ್ವಾ?

ಈ ಗುಡ್ಡ ಮತ್ತು ರನ್‌ವೇ ನ್ಯೂಜಿಲೆಂಡಿನ 22ನೇ ಬೆಟಾಲಿಯನ್ನಿನ ಕೈಯಲ್ಲಿತ್ತು. ಅದರ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಲೆಸ್ಲಿ ಆಂಡ್ರೂ. ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್, ಅಂದರೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ, ಪಡೆದವರು, ಹೆದರುವ ಜನವಲ್ಲ. ಒಂದು ಕಂಪನಿ ರನ್‌ವೇ ಅಂಚಿನಲ್ಲಿ. ಇನ್ನೊಂದು ಹೊಳೆ ದಂಡೆಯಲ್ಲಿ. ಮಿಕ್ಕವರು ಗುಡ್ಡದ ಮೇಲೆ, ಪೂರ್ವದ ಊರಿನಲ್ಲಿ.

ಈಗ ನಿಮ್ಮ ಕೆಲಸ. ಮೊಬೈಲ್ ಆಫ್ ಮಾಡಿ. ಜೊತೆಗಿರುವವರನ್ನು ಗುಡ್ಡದ ಇನ್ನೊಂದು ಮಗ್ಗುಲಿಗೆ ಕಳಿಸಿ. ದಾರಿ ಬಿಟ್ಟು ಯಾರ ತೋಟಕ್ಕೂ ನುಗ್ಗಬೇಡಿ, ಕಾಲುದಾರಿಗಳೇ ಬೇಕಾದಷ್ಟಿವೆ. ಹತ್ತು ನಿಮಿಷ ಬಿಟ್ಟು ಅವರನ್ನು ಹುಡುಕಿ. ಕೂಗಿ ನೋಡಿ. ಗಾಳಿ ಕಡಲ ಕಡೆಯಿಂದ ಬೀಸುತ್ತಿದ್ದರೆ ಕೂಗು ನಿಮ್ಮ ಬೆನ್ನ ಹಿಂದಕ್ಕೇ ಹೋಗಿಬಿಡುತ್ತದೆ. ಆಲಿವ್ ಮರ ನೋಡಲು ಬಡಕಲು. ಹತ್ತು ಸಾಲು ಒಟ್ಟಿಗೆ ನಿಂತರೆ ಗೋಡೆ. ಒಂದು ಮೆಟ್ಟಿಲು ಹೊಲ ಇಳಿದರೆ ಮೇಲಿನವನಿಗೆ ನಿಮ್ಮ ತಲೆಯೂ ಕಾಣುವುದಿಲ್ಲ. ನಾವು ನಲವತ್ತು ನಿಮಿಷ ಕಳೆದದ್ದು ಹೀಗೆ, ಅದೂ ಯಾರೂ ನಮ್ಮ ಮೇಲೆ ಗುಂಡು ಹಾರಿಸದೇ ಇರುವಾಗ.

ಆವತ್ತು ಬೆಳಿಗ್ಗೆ ಮೊದಲು ಬಾಂಬ್ ಬಿತ್ತು. ನೆಲದ ಮೇಲೆ ಎಳೆದಿದ್ದ ಟೆಲಿಫೋನ್ ತಂತಿಗಳು ಚೂರುಚೂರಾದವು. ತಂತಿಯನ್ನು ಮಣ್ಣಿನಲ್ಲಿ ಹೂಳದೇ ಬಿಟ್ಟರೆ ಇದೇ ಗತಿ, ನಮ್ಮ ಕೆಲಸದಲ್ಲಿ ಹೊಸದಾಗಿ ಸೇರಿದ ಹುಡುಗನಿಗೂ ಗೊತ್ತಿರುತ್ತದೆ. ಆದರೆ ಹೂಳಲು ಸಲಕರಣೆ, ಸಮಯ ಎರಡೂ ಇರಲಿಲ್ಲ. ಎಂಟು ಗಂಟೆ ಹೊತ್ತಿಗೆ ಗ್ಲೈಡರ್‌ಗಳು ಹೊಳೆ ಪಾತ್ರದಲ್ಲಿ, ಗುಡ್ಡದ ಇಳಿಜಾರಿನಲ್ಲಿ ಇಳಿದವು. ಹಿಂದೆಯೇ ಪ್ಯಾರಾಚೂಟ್.

ಈ ಪ್ಯಾರಾಚೂಟ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಜರ್ಮನ್ ಪ್ಯಾರಾಚೂಟಿನ ಹಗ್ಗ ಬೆನ್ನಿನ ಮೇಲೆ ಒಂದೇ ಕಡೆ ಕಟ್ಟಿರುತ್ತಿತ್ತು. ಇಳಿಯುವವನು ಬೆನ್ನು ಹಿಡಿದು ಎತ್ತಿದ ಬೆಕ್ಕಿನ ಮರಿಯ ಹಾಗೆ ಮುಂದಕ್ಕೆ ಬಾಗಿ ತೂಗುತ್ತಿದ್ದ. ಹಗ್ಗ ಕೈಗೆ ಸಿಗದು, ದಿಕ್ಕು ಬದಲಿಸಲಾಗದು. ಮುಂದಕ್ಕೆ ಬೀಳುವುದರಿಂದ ಉದ್ದನೆಯ ಬಂದೂಕು ಕಟ್ಟಿಕೊಳ್ಳುವಂತಿಲ್ಲ. ಹೆಚ್ಚಿನವರ ಹತ್ತಿರ ಬರೀ ಪಿಸ್ತೂಲು, ಚಾಕು. ರೈಫಲ್, ಮಶಿನ್‌ಗನ್ ಎಲ್ಲ ಬೇರೆ ಪೆಟ್ಟಿಗೆಗಳಲ್ಲಿ, ಬೇರೆ ಪ್ಯಾರಾಚೂಟಿನಲ್ಲಿ ಬೀಳುತ್ತಿದ್ದವು. ಅಂದರೆ ನೆಲಕ್ಕೆ ಬಿದ್ದವನ ಮೊದಲ ಕೆಲಸ ಪೆಟ್ಟಿಗೆ ಹುಡುಕುವುದು. ಗುಡ್ಡದಿಂದ ಪೂರ್ವಕ್ಕೆ ತೋಟಗಳ ಕಡೆ ನೋಡಿ. ಅಲ್ಲಿ ಒಂದು ಬೆಟಾಲಿಯನ್ ನೇರವಾಗಿ ನ್ಯೂಜಿಲೆಂಡಿನವರ ತಲೆಯ ಮೇಲೇ ಇಳಿಯಿತು. ಸುಮಾರು 600 ಜನರಲ್ಲಿ 400ರಷ್ಟು ಜನ ಸತ್ತರು, ಅವರ ಮೇಜರ್ ಕೂಡ.

ಇಷ್ಟಾದರೂ ಆಂಡ್ರೂ ಸೋತರು. ಹೇಗೆ? ಮಧ್ಯಾಹ್ನದ ಹೊತ್ತಿಗೆ ರನ್‌ವೇ ಹತ್ತಿರದ ಕಂಪನಿಯಿಂದ ಸುದ್ದಿಯಿಲ್ಲ. ಹೊಳೆ ದಂಡೆಯ ಕಂಪನಿಯಿಂದಲೂ ಇಲ್ಲ. ಓಲೆಕಾರರು ಹೋದವರು ಬರಲಿಲ್ಲ. ಸಹಾಯಕ್ಕೆ ಬಾ ಅಂತ ಪಕ್ಕದ 23ನೇ ಬೆಟಾಲಿಯನ್ನಿಗೆ ಬಣ್ಣದ ಬೆಳಕು ಹಾರಿಸಿದರು. ಧೂಳು, ಹೊಗೆಯಲ್ಲಿ ಅದು ಯಾರಿಗೂ ಕಾಣಲಿಲ್ಲ. ಸಂಜೆ ಐದರ ಹೊತ್ತಿಗೆ ಇದ್ದ ಎರಡೇ ಟ್ಯಾಂಕುಗಳನ್ನು ಕಳಿಸಿದರು. ಒಂದರಲ್ಲಿ ಗುಂಡು ಬಂದೂಕಿಗೆ ಹೊಂದಲಿಲ್ಲ, ಅದು ವಾಪಸ್ ಬಂತು. ಇನ್ನೊಂದು ಹೊಳೆಯ ಕಲ್ಲಿನಲ್ಲಿ ಸಿಕ್ಕಿಬಿತ್ತು. ಕೈಯಲ್ಲಿದ್ದ ವೈರ್‌ಲೆಸ್ ಸೆಟ್ ಒಂದು, ಅದರ ಬ್ಯಾಟರಿ ಸಾಯುತ್ತಾ ಬಂದಿತ್ತು. ಪ್ಲಾತಾನಿಯಾಸ್‌ನಲ್ಲಿದ್ದ ಬ್ರಿಗೇಡಿಯರ್ ಹಾರ್ಗೆಸ್ಟ್‌ಗೆ ಹಿಂದೆ ಸರಿಯಬೇಕಾಗಬಹುದು ಅಂದರು. ಸರಿಯಲೇಬೇಕು ಅನ್ನುವುದಾದರೆ ಸರಿಯಿರಿ, ಅನ್ನುವ ಅರ್ಥದ ಉತ್ತರ ಬಂತು.

ಬ್ಯಾಟರಿ ಇಳಿದ ಸೆಟ್ ಹೇಗೆ ಮಾತಾಡುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಪೂರ್ತಿ ಸತ್ತರೆ ಒಳ್ಳೆಯದು, ಸತ್ತಿದೆ ಅಂತ ಗೊತ್ತಾಗುತ್ತದೆ. ಅರ್ಧ ಸತ್ತರೆ ನಾಲ್ಕು ಪದದಲ್ಲಿ ಎರಡು ಕೇಳುತ್ತವೆ. ಉಳಿದೆರಡನ್ನು ಕೇಳುವವನು ತನ್ನ ಮನಸ್ಸಿನಿಂದ ತುಂಬಿಕೊಳ್ಳುತ್ತಾನೆ. ಆಂಡ್ರೂ ಹೇಳಿದ್ದರ ತೂಕ ಹಾರ್ಗೆಸ್ಟ್‌ಗೆ ತಲುಪಿತಾ? ಇದು ಗುಡ್ಡದ ಮೇಲೆ ಕೂತು ಯೋಚಿಸಿದಾಗ ನನಗೆ ಬಂದ ಅನುಮಾನ, ಚರಿತ್ರೆಯ ತೀರ್ಪಲ್ಲ.

ಕತ್ತಲಾದ ಮೇಲೆ ಆಂಡ್ರೂ ಗುಡ್ಡ ಬಿಟ್ಟು ಪೂರ್ವಕ್ಕೆ ಹೋದರು. ಎರಡೂ ಕಂಪನಿ ಮುಗಿದವು ಅಂದುಕೊಂಡಿದ್ದರು. ಎರಡೂ ಬದುಕಿದ್ದವು. ಪೆಟ್ಟು ತಿಂದಿದ್ದವು, ಆದರೆ ಜಾಗ ಬಿಟ್ಟಿರಲಿಲ್ಲ. ಮಾರನೆಯ ನಸುಕಿನಲ್ಲಿ ಗುಡ್ಡದ ಮೇಲೆ ನಮ್ಮವರಿಲ್ಲ ಅಂತ ಗೊತ್ತಾದಾಗ, ರನ್‌ವೇ ಕಂಪನಿಯವರು ಬೂಟು ಬಿಚ್ಚಿ ಕುತ್ತಿಗೆಗೆ ನೇತುಹಾಕಿಕೊಂಡು, ಗೊರಕೆ ಹೊಡೆಯುತ್ತಿದ್ದ ಜರ್ಮನರ ಪಕ್ಕದಲ್ಲೇ ನಡೆದು ಪಾರಾದರು.

ಜರ್ಮನರಿಗೂ ಏನೂ ಗೊತ್ತಿರಲಿಲ್ಲ ಅನ್ನುವುದು ತಮಾಷೆ. ಅಥೆನ್ಸ್‌ನ ಗ್ರಾಂಡ್ ಬ್ರೆತಾನ್ಯ ಹೋಟೆಲಿನಲ್ಲಿ ಕೂತಿದ್ದ ಸ್ಟುಡೆಂಟ್ ಆ ರಾತ್ರಿ ಸೋತೆ ಅಂದುಕೊಳ್ಳುವ ಸ್ಥಿತಿಯಲ್ಲಿದ್ದರು. ಬೆಳಗಾಗುತ್ತಲೇ ಕ್ಲೈ ಎಂಬ ಕ್ಯಾಪ್ಟನ್ನನ್ನು ಒಂದು ವಿಮಾನದಲ್ಲಿ ಕಳಿಸಿದರು. ಮಾಲೆಮೆಯಲ್ಲಿ ಇಳಿದು ನೋಡು, ಆಗುತ್ತಾ ಇಲ್ವಾ? ಅವರು ಇಳಿದರು, ವಾಪಸ್ ಹಾರಿದರು. ಅಷ್ಟೇ ಸಾಕಾಯಿತು. ಮೇ 21ರ ಸಂಜೆ ಫಿರಂಗಿ ಗುಂಡು ಬೀಳುತ್ತಿರುವಾಗಲೇ ಬೆಟ್ಟ ದಳದ ಸೈನಿಕರನ್ನು ತುಂಬಿಕೊಂಡ ವಿಮಾನಗಳು ಒಂದರ ಹಿಂದೆ ಒಂದು ಇಳಿದವು. ಒಡೆದು ಬಿದ್ದವನ್ನು ಪಕ್ಕಕ್ಕೆ ಎಳೆದು ಮುಂದಿನದಕ್ಕೆ ಜಾಗ ಮಾಡಿದರು.

ಈಗ ಸ್ಮಶಾನಕ್ಕೆ ಇಳಿಯಿರಿ. 4,400ಕ್ಕಿಂತ ಜಾಸ್ತಿ ಜರ್ಮನರು ಇಲ್ಲಿದ್ದಾರೆ. ನೆಲಕ್ಕೆ ಹೊಂದಿಸಿದ ಚಪ್ಪಟೆ ಕಲ್ಲುಗಳು. ಯುದ್ಧ ನಡೆದ ನಾಲ್ಕು ಕಡೆಗಳ ಲೆಕ್ಕದಲ್ಲಿ ನಾಲ್ಕು ಭಾಗ ಮಾಡಿದ್ದಾರೆ. ವಯಸ್ಸು ಲೆಕ್ಕ ಹಾಕುತ್ತಾ ನಡೆಯಿರಿ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಬ್ಲೂಖರ್ ಮನೆತನದ ಮೂವರು ಅಣ್ಣತಮ್ಮಂದಿರು ಇರಾಕ್ಲಿಯೋ ಹತ್ತಿರ ಸತ್ತರು, ಕಿರಿಯವನಿಗೆ 17.

ಈ ಸ್ಮಶಾನ 1974ರಲ್ಲಿ ತೆರೆಯಿತು. ಇದನ್ನು ಬಹಳ ಕಾಲ ನೋಡಿಕೊಂಡವರು ಯೋರ್ಗೋಸ್ ಪ್ಸಿಹುಂದಾಕಿಸ್ ಎಂಬ ಕ್ರೀಟ್‌ನವರೇ. ಯುದ್ಧದ ಕಾಲದಲ್ಲಿ ಇವರು ಜರ್ಮನರ ವಿರುದ್ಧ ಗುಪ್ತ ಓಲೆಕಾರರಾಗಿದ್ದರು. ಕುರಿ ಕಾಯುತ್ತಿದ್ದ ಹುಡುಗ, ಓಲೆ ಬಚ್ಚಿಟ್ಟುಕೊಂಡು ರಾತ್ರೋರಾತ್ರಿ ಬೆಟ್ಟ ದಾಟುತ್ತಿದ್ದ. ತಂತಿಯೂ ಇಲ್ಲದ, ಬ್ಯಾಟರಿಯೂ ಇಲ್ಲದ ಕಡೆ ಮಾತು ತಲುಪಿಸಿದ್ದು ಇಂಥ ಕಾಲುಗಳು. ಇವರೇ ಆಮೇಲೆ ಹೋಮರನ ಒಡಿಸ್ಸಿಯನ್ನು ಕ್ರೀಟ್‌ನ ಆಡುಮಾತಿಗೆ ತಂದರು. ನನ್ನ ಕಣ್ಣಿಗೆ ಈ ಗುಡ್ಡದಲ್ಲಿ ಓಡಾಡಿದವರಲ್ಲಿ ದೊಡ್ಡ ಮನುಷ್ಯ ಇವರೇ, ವಿಕ್ಟೋರಿಯಾ ಕ್ರಾಸ್ ಇರಲಿ ಬಿಡಲಿ.

ಶಕ್ತಿ ಉಳಿದಿದ್ದರೆ ಒಳಗಿರುವ ಕೊಂದೊಮಾರಿ ಊರಿಗೆ ಹೋಗಿ. ಜೂನ್ 2ರಂದು ಪ್ಯಾರಾಚೂಟ್ ಸೈನಿಕರು ಆ ಊರಿನ ಗಂಡಸರನ್ನು ಆಲಿವ್ ತೋಪಿನಲ್ಲಿ ನಿಲ್ಲಿಸಿ ಗುಂಡಿಟ್ಟರು. ಜರ್ಮನ್ ಫೋಟೋಗ್ರಾಫರ್ ಒಬ್ಬ ಅದರ ಚಿತ್ರ ತೆಗೆದ, ಹಾಗಾಗಿ ಅಲ್ಲಗಳೆಯಲು ಆಗಲಿಲ್ಲ. ಮಾರನೆಯ ದಿನ ಕಾಂದಾನೋಸ್ ಊರನ್ನೇ ಸುಟ್ಟು ನೆಲಸಮ ಮಾಡಿದರು. ಇಲ್ಲಿ ಕ್ಯಾಮೆರಾ ಚೀಲದಲ್ಲಿಡಿ. ಊರಿನವರು ಕಂಡರೆ "ಯಾಸಾಸ್", ಅಂದರೆ ನಮಸ್ಕಾರ, ಅನ್ನಿ, ಅಷ್ಟು ಸಾಕು.

ಗಲಾತಾಸ್, ಅಲಿಕಿಯಾನೋಸ್, ಸೂದಾ

ಎರಡನೇ ದಿನಕ್ಕೆ ಕಾರು ಬೇಕು. ಹಾನಿಯಾದಿಂದ ಗಲಾತಾಸ್ ಹತ್ತಿರ. ಚರ್ಚಿನ ಮುಂದಿನ ಚೌಕದಲ್ಲಿ ಸ್ಮಾರಕ, ಪಕ್ಕದಲ್ಲಿ ಸಣ್ಣ ಮ್ಯೂಸಿಯಂ. ಮೇ 25ರ ಸಂಜೆ ಜರ್ಮನರು ಈ ಊರು ಹಿಡಿದಾಗ ಕರ್ನಲ್ ಹೊವರ್ಡ್ ಕಿಪ್ಪೆನ್‌ಬರ್ಗರ್ ಎರಡು ಲಘು ಟ್ಯಾಂಕು ಮುಂದಿಟ್ಟು, ಬಯೋನೆಟ್ ಹಿಡಿದ ನ್ಯೂಜಿಲೆಂಡಿನವರನ್ನು ಒಳಗೆ ಕಳಿಸಿದರು. ಬೀದಿಗಳ ಅಗಲ ನೋಡಿ. ಎರಡು ಕೈ ಚಾಚಿದರೆ ಕೆಲವು ಕಡೆ ಎರಡೂ ಗೋಡೆ ಸಿಗುವಷ್ಟು. ಊರು ವಾಪಸ್ ಸಿಕ್ಕಿತು. ರಾತ್ರಿ ಕಳೆಯುವಷ್ಟರಲ್ಲಿ ಬಿಡಬೇಕಾಯಿತು, ಯಾಕೆಂದರೆ ಪಕ್ಕದ ಸಾಲು ಸರಿದಿತ್ತು.

ಊರಿನ ದಕ್ಷಿಣಕ್ಕೆ ಕಣಿವೆ. ಸೈನಿಕರು ಇದನ್ನು ಜೈಲು ಕಣಿವೆ ಅನ್ನುತ್ತಿದ್ದರು. ಆಯಾ ಅನ್ನುವ ಹೆಸರಿನ ಊರಿನ ಜೈಲು ಈಗಲೂ ಅಲ್ಲೇ ಇದೆ. ದಾಟಿ ಮುಂದೆ ಹೋಗಿ, ಅಲಿಕಿಯಾನೋಸ್ ಬರುತ್ತದೆ. ಹೆಚ್ಚಿನ ಪ್ರವಾಸಿಗಳು ಇಲ್ಲಿ ನಿಲ್ಲಿಸುವುದೇ ಇಲ್ಲ. ನೀವು ನಿಲ್ಲಿಸಿ. 8ನೇ ಗ್ರೀಕ್ ರೆಜಿಮೆಂಟ್ ಇಲ್ಲಿತ್ತು. ಹೆಸರಿಗೆ ರೆಜಿಮೆಂಟ್, ತರಬೇತಿ ಇಲ್ಲದ ಹುಡುಗರು. ಮೊದಲ ದಿನವೇ ಉಳಿದವರಿಂದ ಸಂಪರ್ಕ ತಪ್ಪಿತು. ಕೇಂದ್ರದಲ್ಲಿದ್ದವರು ಇವರು ಮುಗಿದೇಹೋದರು ಅಂದುಕೊಂಡರು. ಆದರೆ ಊರಿನವರನ್ನೂ ಸೇರಿಸಿಕೊಂಡು ದಿನಗಟ್ಟಲೆ ಹೋರಾಡಿದರು. ಇವರು ತಡೆಯದಿದ್ದರೆ ಜರ್ಮನರು ದಕ್ಷಿಣದಿಂದ ಸುತ್ತಿಬಂದು ಹಾನಿಯಾದಿಂದ ಹಿಂದೆ ಸರಿಯುವ ದಾರಿಯನ್ನೇ ಕತ್ತರಿಸುತ್ತಿದ್ದರು. ಸಾವಿರಾರು ಜನ ಇವರಿಂದ ಪಾರಾದರು, ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಈ ಊರಿನವರಿಗೂ ಗುಂಡೇಟು ಬಿತ್ತು. ಸ್ಮಾರಕದಲ್ಲಿ ಹೆಸರುಗಳಿವೆ. ಅಡ್ಡಹೆಸರುಗಳನ್ನು ನೋಡಿ, ಒಂದೇ ಮನೆತನದ ಹೆಸರು ಎಷ್ಟು ಸಲ ಬರುತ್ತದೆ ಅಂತ.

ಸಂಜೆ ಸೂದಾ ಕೊಲ್ಲಿಯ ಯುದ್ಧ ಸ್ಮಶಾನಕ್ಕೆ ಹೋಗಿ. ಸುಮಾರು 1,500 ಸಮಾಧಿ, ಅರ್ಧದಷ್ಟಕ್ಕೆ ಹೆಸರಿಲ್ಲ. ಕಡಲಿನವರೆಗೂ ಹುಲ್ಲು. ಜಾನ್ ಪೆಂಡಲ್‌ಬರಿ ಇಲ್ಲಿದ್ದಾರೆ, ಕ್ನೋಸೋಸ್‌ನಲ್ಲಿ ಅಗೆಯುತ್ತಿದ್ದ ಪುರಾತತ್ವದವರು, ಒಂದು ಕಣ್ಣು ಗಾಜಿನದು. ಇರಾಕ್ಲಿಯೋದಲ್ಲಿ ಗಾಯಗೊಂಡಿದ್ದ ಇವರನ್ನು ಜರ್ಮನರು ಗುಂಡಿಟ್ಟು ಕೊಂದರು. ಎದುರಿನ ಕೊಲ್ಲಿ ಈಗಲೂ ನೌಕಾನೆಲೆ, ಆ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಇಲ್ಲಿ ಕೂತು ಫ್ರೈಬರ್ಗ್ ಬಗ್ಗೆ ಯೋಚಿಸಿ. ಯಾರಿಗೂ ಏನೂ ಕೇಳಿಸದ ಈ ದ್ವೀಪದಲ್ಲಿ ಜಾಸ್ತಿ ಕೇಳಿಸುತ್ತಿದ್ದದ್ದು ಅವರೊಬ್ಬರಿಗೇ. ಬ್ರಿಟಿಷರು ಜರ್ಮನರ ಎನಿಗ್ಮಾ ಸಂಕೇತ ಒಡೆದಿದ್ದರು. ದಾಳಿಯ ದಿನ, ಜಾಗ ಎಲ್ಲವೂ ಅವರ ಕೈಗೆ ಬಂದಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಆದರೂ ಅವರ ಕಣ್ಣು ಕಡಲ ಮೇಲೆಯೇ ಇತ್ತು, ಹಡಗಿನಲ್ಲಿ ಬರುವವರನ್ನು ಕಾಯುತ್ತಿದ್ದರು. ಅದಕ್ಕೇ ಮಾಲೆಮೆ ವಾಪಸ್ ಹಿಡಿಯುವ ದಾಳಿ ತಡವಾಯಿತು. ಮೇ 21ರ ರಾತ್ರಿ 20ನೇ ಬೆಟಾಲಿಯನ್, ಕರಾವಳಿ ಕಾಯಲು ಆಸ್ಟ್ರೇಲಿಯನ್ನರು ಬಂದು ಸೇರುವವರೆಗೆ ಹೊರಡಲಿಲ್ಲ. ಜೊತೆಗೆ ಹೋಗಬೇಕಿದ್ದ ಮಾಓರಿ ಬೆಟಾಲಿಯನ್, ಅಂದರೆ ನ್ಯೂಜಿಲೆಂಡಿನ ಮೂಲನಿವಾಸಿಗಳ ಪಡೆ, ಅವರಿಗಾಗಿ ಕಾದು ಕೂತಿತು. ಮಾಲೆಮೆ ತಲುಪುವ ಹೊತ್ತಿಗೆ ಬೆಳಗಾಗಿತ್ತು, ಆಕಾಶ ಜರ್ಮನರದ್ದಾಗಿತ್ತು. ಅದೇ ರಾತ್ರಿ, ಫ್ರೈಬರ್ಗ್ ಹೆದರಿ ಕಾಯುತ್ತಿದ್ದ ಆ ಹಡಗುಗಳು, ಅಂದರೆ ಜರ್ಮನ್ ಸೈನಿಕರನ್ನು ತುಂಬಿಕೊಂಡ ಗ್ರೀಕ್ ಮೀನುದೋಣಿಗಳ ಒಂದು ಗುಂಪು, ಬ್ರಿಟಿಷ್ ನೌಕಾಪಡೆಗೆ ಸಿಕ್ಕಿ ಕಡಲಲ್ಲೇ ಚದುರಿಹೋಯಿತು.

ರೆಥಿಮ್ನೋ

ಊರಿನ ಪೂರ್ವಕ್ಕೆ ಸ್ತಾವ್ರೋಮೆನೋಸ್ ಹತ್ತಿರದ ಗುಡ್ಡಗಳಿಗೆ ಹೋಗಿ. ಇಲ್ಲಿ ಲೆಫ್ಟಿನೆಂಟ್ ಕರ್ನಲ್ ಇಯಾನ್ ಕ್ಯಾಂಪ್‌ಬೆಲ್ ಅವರ ಆಸ್ಟ್ರೇಲಿಯನ್ನರು ಮತ್ತು ಗ್ರೀಕರು ಗೆಲ್ಲುತ್ತಿದ್ದರು, ಹೌದು, ಗೆಲ್ಲುತ್ತಿದ್ದರು. ಜರ್ಮನ್ ಕರ್ನಲ್ ಸ್ಟುರ್ಮ್ ಅವರನ್ನೇ ಸೆರೆಹಿಡಿದರು. ದ್ವೀಪದ ಹಲವೆಡೆ ಮಾಡಿದ ಹಾಗೆ, ಕೈಗೆ ಸಿಕ್ಕ ಜರ್ಮನ್ ಸಂಕೇತದ ಬಟ್ಟೆಗಳನ್ನು ನೆಲದ ಮೇಲೆ ಹಾಸಿದರೆ ಜರ್ಮನ್ ವಿಮಾನಗಳೇ ಬಂದು ಸಾಮಾನು ಹಾಕಿ ಹೋಗುತ್ತಿದ್ದವು. ಶತ್ರುವಿನ ಜೊತೆ ಮಾತು ಸರಾಗ. ತಮ್ಮವರ ಜೊತೆಗೆ ಮಾತ್ರ ಇಲ್ಲ. ಹಿಂದೆ ಸರಿಯಿರಿ ಅನ್ನುವ ಅಪ್ಪಣೆ ಕ್ಯಾಂಪ್‌ಬೆಲ್‌ಗೆ ತಲುಪಲೇ ಇಲ್ಲ. ಸೂದಾದಿಂದ ಒಂದು ದೋಣಿ ಆಹಾರ ತಂದಿತು, ಅಪ್ಪಣೆ ಸಿಗುವ ಮುಂಚೆಯೇ ಅದು ಹೊರಟಾಗಿತ್ತು. ಮೇ 30ರಂದು ಎದುರಿಗೆ ಟ್ಯಾಂಕುಗಳು ಬಂದು ನಿಂತಾಗ ಶರಣಾದರು. ಇಲ್ಲಿ ನೋಡಲು ಜಾಸ್ತಿ ಏನಿಲ್ಲ, ಅರ್ಧ ದಿನ ಸಾಕು. ನೆಲದಲ್ಲಿ ತುಕ್ಕು ಹಿಡಿದ ಲೋಹ ಕಂಡರೆ ಮುಟ್ಟಬೇಡಿ. ಸಿಡಿಯದ ಗುಂಡು ಇರಬಹುದು. ಲೋಹ ಹುಡುಕುವ ಯಂತ್ರ ತರುವ ಯೋಚನೆ ಬಿಡಿ, ಗ್ರೀಸ್‌ನಲ್ಲಿ ಅನುಮತಿ ಇಲ್ಲದೆ ಬಳಸುವುದು ಅಪರಾಧ.

ಸ್ಫಾಕಿಯಾ

ಕೊನೆಯ ದಿನ ನಡಿಗೆ. ಬೆಳಿಗ್ಗೆ ಹಾನಿಯಾದಿಂದ ಸ್ಫಾಕಿಯಾ ಬಸ್ಸು ಹಿಡಿಯಿರಿ, ಸುಮಾರು 70 ಕಿಲೋಮೀಟರ್. ಆಸ್ಕಿಫೂ ಬಯಲು ಬರುತ್ತದೆ. ಸುತ್ತ ಬೆಟ್ಟ, ನಡುವೆ ಚಪ್ಪಟೆ. ಸೈನಿಕರು ಇದಕ್ಕೆ ಸಾಸರ್ ಅಂತ ಹೆಸರಿಟ್ಟಿದ್ದರು. ಇಲ್ಲಿ ಒಂದು ಮನೆಯವರು ಹೆಲ್ಮೆಟ್ಟು, ಬಂದೂಕು, ಮೋಟರ್‌ಸೈಕಲ್ ಎಲ್ಲ ಕೂಡಿಹಾಕಿ ಮ್ಯೂಸಿಯಂ ಮಾಡಿದ್ದಾರೆ. ಬಸ್ಸಿನಲ್ಲಿ ಬಂದವರಿಗೆ ಇಳಿದು ನೋಡಿ ಮತ್ತೆ ಹತ್ತುವುದು ಕಷ್ಟ. ಕಾರಿದ್ದರೆ ನೋಡಿ. ಹಳೆ ವೈರ್‌ಲೆಸ್ ಸೆಟ್ ಏನಾದರೂ ಇದ್ದೀತು ಅಂತ ನಾನು ಒಂದು ಗಂಟೆ ಕಳೆದೆ. ನಮ್ಮನೆಯವಳು ಹೊರಗೆ ಮರದ ಕೆಳಗೆ ಕೂತು ಇಡೀ ಮನೆತನದ ಕಥೆಯನ್ನು ಕೈಸನ್ನೆಯಲ್ಲೇ ಕೇಳಿಕೊಂಡಳು. ರಾಕಿ ಕೊಡುತ್ತಾರೆ, ಕುಡಿಯದವರು ಎದೆಯ ಮೇಲೆ ಕೈಯಿಟ್ಟು ಬೇಡ ಅನ್ನಿ, ಬೇಸರ ಮಾಡಿಕೊಳ್ಳುವುದಿಲ್ಲ.

ಇಂಬ್ರೋಸ್‌ನಲ್ಲಿ ಇಳಿದು ಕಮರಿಯೊಳಗೆ ನಡೆಯಿರಿ. ಚಿಲ್ಲರೆ ಯೂರೋ ಇಟ್ಟುಕೊಳ್ಳಿ, ಸಣ್ಣ ಶುಲ್ಕವಿದೆ. ಎಂಟು ಕಿಲೋಮೀಟರ್, ಎರಡೂವರೆ ಮೂರು ಗಂಟೆ, ಪೂರ್ತಿ ಇಳಿಜಾರು. ಗಟ್ಟಿ ಬೂಟು ಹಾಕಿ, ಕಾಲ ಕೆಳಗೆ ಬರೀ ಉರುಟು ಕಲ್ಲು. 1941ರಲ್ಲಿ ಈ ಬೆಟ್ಟದ ರಸ್ತೆ ಕಡಲಿನವರೆಗೂ ಇರಲಿಲ್ಲ. ಕೊನೆಯಲ್ಲಿ ಕಡಿದಾದ ಜಾಗಕ್ಕೆ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಕಾಲುದಾರಿ. ಸೋತು ದ್ವೀಪ ಬಿಟ್ಟು ಹೊರಟ, ಬೂಟಿನ ತಳ ಹರಿದ, ನೀರಿಲ್ಲದ ಸಾವಿರಾರು ಸೈನಿಕರು ಈ ಬೆಟ್ಟ ಇಳಿದರು. ಹಗಲಿನಲ್ಲಿ ವಿಮಾನಕ್ಕೆ ಹೆದರಿ ಬಂಡೆಗಳ ನೆರಳಿನಲ್ಲಿ ಕೂರುವುದು, ರಾತ್ರಿ ನಡೆಯುವುದು.

ಕಮರಿ ಕೊಮಿತಾದೆಸ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ ಸ್ಫಾಕಿಯಾ ಬಂದರಿಗೆ ನಡೆಯಬಹುದು, ಟ್ಯಾಕ್ಸಿಯೂ ಸಿಗುತ್ತದೆ. ನಾಲ್ಕು ರಾತ್ರಿಗಳಲ್ಲಿ ಇಲ್ಲಿಂದ ಸುಮಾರು 12,000 ಜನರನ್ನು ಹಡಗುಗಳು ಈಜಿಪ್ಟಿಗೆ ಕರೆದೊಯ್ದವು. ಸಂಜೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಬಂದ ಕೂಡಲೇ ಕೇಳಿಕೊಳ್ಳಿ, ಆಮೇಲೆ ಬಂದರಿನ ಕಲ್ಲಿನ ಮೇಲೆ ಕೂತುಕೊಳ್ಳಿ.

ಆಸ್ಟ್ರೇಲಿಯಾದ 2/7ನೇ ಬೆಟಾಲಿಯನ್ನಿನ ಕೆಲಸ ಕೊನೆಯವರೆಗೂ ಹಿಂದೆ ನಿಂತು ಜರ್ಮನರನ್ನು ತಡೆಯುವುದು. ಮೇ 31ರ ರಾತ್ರಿ ಅವರಿಗೆ ಸರದಿ ಬಂತು. ಕತ್ತಲಲ್ಲಿ, ಇಕ್ಕಟ್ಟಿನ ದಾರಿಯಲ್ಲಿ, ನೂಕುನುಗ್ಗಲಿನ ನಡುವೆ ಕಡಲ ದಂಡೆಗೆ ಇಳಿದರು. ಕೆಲವರಷ್ಟೇ ದೋಣಿ ಹತ್ತಿದರು. ಉಳಿದವರು ಸಾಲಿನಲ್ಲಿ ನಿಂತಿದ್ದರು. ಹನ್ನೆರಡು ದಿನ ಈ ದ್ವೀಪದಲ್ಲಿ ಒಂದು ಮಾತೂ ಹೊತ್ತಿಗೆ ಸರಿಯಾಗಿ ಬಂದಿರಲಿಲ್ಲ. ಆ ರಾತ್ರಿ ಮಾತ್ರ ನೀರಿನ ಮೇಲಿಂದ ಒಂದು ಸದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು, ಹಡಗುಗಳು ಲಂಗರಿನ ಸರಪಳಿ ಮೇಲಕ್ಕೆ ಎಳೆದುಕೊಳ್ಳುವ ಸದ್ದು.

ನಾವು ಕೂತಿದ್ದಾಗ ಲೂತ್ರೋ ಕಡೆಗಿನ ದೋಣಿ ಹೊರಟಿತು. ಅದೂ ಸರಪಳಿ ಎಳೆಯಿತು. ನಮ್ಮನೆಯವಳು ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.